ಬ್ಯಾಟರಿ ವೈರ್ ಬಿಚ್ಚಿದ್ರ ಕಾರ್ ಯಾಕ ಒದರತದ?

ಪ್ರಶ್ನೆ (ಚಿಂಚವಡದಿಂದ):
ಅಣ್ಣಾ ನಮಸ್ಕಾರ್ರಿ. ಮಗಳ ಬಾಣಂತನಕ್ಕ ಒಂದೂವರೆ ತಿಂಗಳು ವಿಜಯಪುರಕ್ಕ ಹೊಂಟೀನಿ, ಗಾಡಿ ಸೊಸೈಟಿ ಪಾರ್ಕಿಂಗ್‌ನ್ಯಾಗ ಸುಮ್ನ ನಿಲ್ತದ. ಹೋದ ವರ್ಷ ಹಿಂಗ ಬಿಟ್ಟು ಹೋಗಿ ಬಂದಾಗ ಸೆಲ್ಫ್ ಹೊಡದ್ರ ಬರೇ ಟಕ್ ಟಕ್ ಅಂತಿತ್ತು, ಅದಕ್ಕ ಈ ಸಲ ಬ್ಯಾಟರಿ ವೈರ್ ಬಿಚ್ಚಿಟ್ಟ ಹೋಗೂಣು ಅಂತ ನಿನ್ನೆ ರಾತ್ರಿ ಊಟ ಆದ ಮ್ಯಾಲೆ ಬಾನೆಟ್ ಎತ್ತಿ, ಕೀಲಿ ಒಳಗ ಉಳದೀತು ಅಂತ ಗಾಡಿ ಲಾಕ್ ಮಾಡಿ, ಮಗ ಫೋನ್‌ನ್ಯಾಗ ಹೇಳಿದಂಗ ಮೈನಸ್ ವೈರ್ ತಗದೆ ನೋಡ್ರಿ, ಏನ್ ಒದರಾಕತ್ತು ಅಂತೀರಿ! ಹೆದರಿ ವೈರ್ ವಾಪಸ್ ಹಚ್ಚಿದ್ರೂ ನಿಲ್ಲವಲ್ದು. ವಾಚ್‌ಮನ್ ಓಡಿ ಬಂದ, ಸೆಕ್ರೆಟರಿ ಬನಿಯನ್ ಮ್ಯಾಲೇ ಕೆಳಗ ಇಳದು 'ಕಾಯ್ ಝಾಲಂ ಕಾಕು' ಅಂತಾರ. ರಿಮೋಟ್ ಮ್ಯಾಲೆ ಮನ್ಯಾಗ ಪರ್ಸ್‌ನ್ಯಾಗ ಇತ್ತು, ತಂದು ಒತ್ತಿದ ಮ್ಯಾಲೆ ಗಪ್ ಆತು. ಕರೆಂಟ್ ಇಲ್ಲದ ಅದು ಹ್ಯಾಂಗ ಒದರ್ತು? ಕೆಟ್ಟದೇನ್ರಿ? ಅಲಾರ್ಮ್ ಹೊರಗಿನ ಅಂಗಡ್ಯಾಗ ಹಾಕ್ಸಿದ್ದು, ಬ್ಯಾಟರಿ 3 ವರ್ಷದ್ದು.

ಉತ್ತರ (ಆಟೋ ಎಲೆಕ್ಟ್ರಿಶಿಯನ್, ಭೋಸರಿ):
ಅಕ್ಕಾರ, ಕೆಟ್ಟಿಲ್ಲ, ಅದರ ಕೆಲಸಾನ ಅದು. ಸೈರನ್ ಡಬ್ಬಿ ಒಳಗ ಅದರದ ಒಂದು ಸಣ್ಣ ಸೆಲ್ ಇರ್ತೈತಿ, ಗಾಡಿ ಬ್ಯಾಟರಿಯಿಂದ ಚಾರ್ಜ್ ಆಕ್ಕೋತ ಕುಂತಿರ್ತೈತಿ. ಬಾನೆಟ್ ಎತ್ತಿದ ಕಳ್ಳ ಮೊದಲ ಕೈ ಹಾಕೂದು ಬ್ಯಾಟರಿ ವೈರಿಗೆ, ಅದಕ್ಕ 12 ವೋಲ್ಟ್ ಬರೂದು ನಿಂತ ಕೂಡ್ಲೇ ಸೈರನ್ ತನ್ನ ಸೆಲ್ ಮ್ಯಾಲೆ ಒದರತೈತಿ. ಎಲ್ಲಾ ಗಾಡ್ಯಾಗೂ ಹಿಂಗಿಲ್ಲ, ಹಾರ್ನ್ ಮ್ಯಾಲೇ ನಡೆಯೂ ಅಲಾರ್ಮ್ ಇದ್ರ ವೈರ್ ಬಿಚ್ಚಿದ್ರ ಸತ್ತಂಗ ಗಪ್.

ವಾಪಸ್ ಹಚ್ಚಿದ್ರೂ ಯಾಕ ನಿಲ್ಲಲಿಲ್ಲ ಅಂದ್ರ, ನೀವು ಲಾಕ್ ಮಾಡಿ ಬಿಚ್ಚಿದ್ರಿ. ಕಡೀಕ ಲಾಕ್ ಇದ್ದೆ ಅನ್ನೂದು ಬಹಳಷ್ಟು ಅಲಾರ್ಮ್ ನೆನಪ ಇಟ್ಕೋತಾವು, ಕರೆಂಟ್ ಬಂದ್ರ ಅದೇ ಹಾಲತ್‌ನ್ಯಾಗ ಏಳ್ತಾವು, ಎದ್ದು ನೋಡಿದ್ರ ಬಾನೆಟ್ ತಗದೈತಿ, ಇನ್ನ ಬಿಡ್ತಾವೇನು?

ಈಗ ಹಿಂಗ ಮಾಡ್ರಿ. ಮೊದಲ ರಿಮೋಟ್‌ಲೆ ಅನ್‌ಲಾಕ್, ಬಾನೆಟ್ ಎತ್ತರಿ. 10 ನಂಬರ್ ಪಾನಾ ತಗೊಂಡು ಮೈನಸ್ ನಟ್ ಸಡಿಲ ಮಾಡ್ರಿ, ಆದ್ರ ತಗೀಬ್ಯಾಡ್ರಿ, ಟರ್ಮಿನಲ್ ಮ್ಯಾಲೇ ಕುಂತಿರ್ಲಿ. ಆಮ್ಯಾಲೆ ಕೀಲಿ ಆನ್ ಮಾಡಿ ಆಫ್ ಮಾಡ್ರಿ, ಕೀಲಿ ಕಿಸೇಕ ಹಾಕ್ಕೊಂಡು ಬಂದು ವೈರ್ ಎತ್ತಿಬಿಡ್ರಿ. ಚಾ ಕುಡದು ಬಂದು ಮಾಡೂ ಕೆಲಸ ಅಲ್ಲ ಇದು, ಕೆಲವು ಅಲಾರ್ಮ್ ಅರ್ಧ ನಿಮಿಷದಾಗ ತಾವ ಮತ್ತ ಲಾಕ್ ಆಕ್ಕಾವು. ಹಳೇ ಲ್ಯಾಂಡ್ ರೋವರ್‌ದಾಗ ಕೀಲಿ ಆಫ್ ಮಾಡಿ 17 ಸೆಕೆಂಡ್ ಒಳಗ ಬಿಚ್ಚಬೇಕು ಅಂತಾನ ಐತಿ. ಬಿಚ್ಚಿದ ವೈರಿಗೆ ಹಳೇ ಸೈಕಲ್ ಟ್ಯೂಬಿನ ತುಂಡು ಸುತ್ತಿ ಬಾಜೂಕ ಕಟ್ರಿ, ಇಲ್ಲಂದ್ರ ಸ್ಪ್ರಿಂಗ್‌ನಂಗ ಹೊಳ್ಳಿ ಬಂದು ಟರ್ಮಿನಲ್‌ಗೆ ತಾಗತೈತಿ. ಪ್ಲಸ್ ಮುಟ್ಟಬ್ಯಾಡ್ರಿ, ಮೈನಸ್ ಇನ್ನೂ ಹಚ್ಚಿರೂವಾಗ ಪ್ಲಸ್ ಬಿಚ್ಚಾಕ ಹ್ವಾದ್ರ ಪಾನಾ ಗಾಡಿ ತಗಡಿಗೆ ತಾಗಿದ ಕೂಡ್ಲೇ ಕಿಡಿ ಹಾರ್ತಾವು. ಬಾಗಿಲಾ ಕೀಲಿ ತಿರುವಿ ಹಾಕ್ರಿ, ರಿಮೋಟ್ ನಡೆಯೂದಿಲ್ಲ ಆವಾಗ.

45 ದಿನ ಅಂದ್ರ ಬಿಚ್ಚೂದ ಸರಿ. ಗಾಡಿ ನಿಂತಾಗೂ ಅಲಾರ್ಮ್, ಗಡಿಯಾರ ಎಲ್ಲಾ ಕೂಡಿ 30 ಮಿಲಿ ಆಂಪಿಯರ್ ಎಳದ್ರ ದಿನಕ್ಕ 0.72 ಆಂಪಿಯರ್ ಅವರ್ ಆತು, 45 ದಿನಕ್ಕ 32, ನಿಮ್ಮ ಬ್ಯಾಟರಿ 35ರದು ಇದ್ರ ಉಳಿಯೂದೇನು? ವಾರ, ಹತ್ತು ದಿನಕ್ಕ ಈ ಉಸಾಬರಿ ಬ್ಯಾಡ.

ಇನ್ನೊಬ್ಬರು (ಹಡಪ್ಸರ್):
ನಾನಂತೂ ಸೈರನ್ ವೈರೇ ಕತ್ತರಿಸಿ ಬಿಟ್ಟಿದ್ದೆ, ತಲೆನೋವಿಲ್ಲ ಅಂತ. ಅರ್ಧ ಗಂಟೆ ಒದರಿ ಸುಮ್ಮನಾಯ್ತು.

ಎಲೆಕ್ಟ್ರಿಶಿಯನ್:
ಸೆಲ್ ಖಾಲಿ ಆತು, ಅದಕ್ಕ ಸುಮ್ಮನಾತು ರೀ. ಭಾಳ ಸೈರನ್‌ಗೆ ಮೈಮ್ಯಾಲೇ ಒಂದು ಸಣ್ಣ ಕೀಲಿ ತೂತು ಇರ್ತೈತಿ, ಹಾಕಿಸಿದಾಗ ಕೊಟ್ಟ ಕೀಲಿ ಹುಡುಕ್ರಿ, ಅದನ್ನ ತಿರುವಿದ್ರ ಬಂದ್. ಮತ್ತ ಯಾರದರ ಗಾಡಿ ನಡುರಾತ್ರಿ ಯಾರೂ ಮುಟ್ಟದ ಒದರಾಕತ್ರ ಸೈರನ್ ಸೆಲ್ ಸೋರಿ ಕೆಟ್ಟಿರಬಹುದು, ಇಲ್ಲ ಬಾನೆಟ್ ಸ್ವಿಚ್‌ನ್ಯಾಗ ಮಳೀ ನೀರು ಹೋಗಿ ಜಂಗ ಹಿಡದಿರಬಹುದು. ಜುಲೈದಾಗ ನನ್ನ ಕಡೆ ಬರೂ ಅಲಾರ್ಮ್ ಕೇಸ್‌ನ್ಯಾಗ ಈ ಸ್ವಿಚ್‌ದ ಭಾಳ.

ಮತ್ತೊಬ್ಬರು (ಕೋಥ್ರುಡ್):
ಸರ್, ನಮ್ಮ ಟ್ರಾವೆಲ್ಲರ್‌ಗೆ ಫ್ಯಾನು, ಲೈಟಿಗೆ ಅಂತ ಎರಡನೇ ಬ್ಯಾಟರಿ ಕೂರಿಸಿದ್ದಾರೆ. ಒಂದು ಬಿಚ್ಚಿದೆ, ಅಲಾರ್ಮ್ ಮಿಣುಕ್ತಾನೇ ಇತ್ತು?

ಎಲೆಕ್ಟ್ರಿಶಿಯನ್:
ಎರಡೂ ಪ್ಯಾರಲಲ್, ಅಂದ್ರ ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಜೋಡಿಸಿದ್ದು ಇದ್ರ ಒಂದು ಬಿಚ್ಚಿದ್ರ ಇನ್ನೊಂದು ಊಟ ಹಾಕ್ತೈತಿ, ಅಲಾರ್ಮ್‌ಗೆ ಗೊತ್ತೂ ಆಗೂದಿಲ್ಲ. ಎರಡರದೂ ಮೈನಸ್ ಬಿಚ್ಚಬೇಕು.

ಪ್ರಶ್ನೆ ಕೇಳಿದವರು:
ಅಣ್ಣಾ, ಈಗ ಮಾಡಿ ಬಂದೆ, ಹಾಡಾ ಹಗಲಿ, ರಿಮೋಟ್ ಕೊರಳಾಗ ಹಾಕ್ಕೊಂಡು. ಕುಂಯ್ ಅಂತ ಒಂದ ಸಲ ಅಂದು ಗಪ್ ಆತು. ವಾಚ್‌ಮನ್ ಮಾತ್ರ ದೂರ ನಿಂತು ಕಿವಿ ಮುಚ್ಚಿಕೊಂಡಿದ್ದ! ಬಂದ ಮ್ಯಾಲೆ ಹಚ್ಚೂವಾಗ ಏನರ ಅದ ಏನ್ರಿ?

ಎಲೆಕ್ಟ್ರಿಶಿಯನ್:
ರಿಮೋಟ್ ಕೈಯಾಗ ಇರ್ಲಿ, ಒದರಿದ್ರ ಅನ್‌ಲಾಕ್ ಒತ್ತರಿ. ಗಡಿಯಾರ ತಪ್ಪಿರ್ತೈತಿ, ಗ್ಲಾಸ್ ತಾನ ಪೂರ್ತಿ ಏರಲಿಲ್ಲಂದ್ರ ಪೂರ್ತಿ ಏರಿಸಿ ಸ್ವಿಚ್ ಎರಡು ಮೂರು ಸೆಕೆಂಡ್ ಎತ್ತಿ ಹಿಡೀರಿ. ಕೂಸಿಗೆ ನಮ್ಮ ಕಡಿಂದ ಆಶೀರ್ವಾದ್ರಿ.