ಬಬಲ್ ಟ್ಯೂಬ್: ಸ್ವಿಚ್‌ನಿಂದ ಕೈ ತೆಗೆದ ಕೂಡಲೇ ನಿಲ್ಲುತ್ತೆ

ಕಾಫಿಸೀಮೆ: ಚಿಕ್ಕಮಗಳೂರಿನ ವಿಶೇಷ ಮಕ್ಕಳ ಸೆನ್ಸರಿ ಕೋಣೆಗೆ (ಬೆಳಕು, ಸದ್ದು, ಸ್ಪರ್ಶದ ಅನುಭವ ಕೊಡುವ ಕೋಣೆ) ಬಬಲ್ ಟ್ಯೂಬ್ (ಬಣ್ಣದ ಬೆಳಕಲ್ಲಿ ಗುಳ್ಳೆ ಏಳುವ ನೀರಿನ ಕೊಳವೆ) ಹಾಕಿದ್ದೇವೆ. ಗುಂಡಿ ಸ್ವಿಚ್ ಒತ್ತಿದಷ್ಟೇ ಹೊತ್ತು ಗುಳ್ಳೆ. ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲಿನ ಹಿಡಿತ ತಪ್ಪುವ ಸ್ಥಿತಿ) ಇರುವ ಮಗು ಒತ್ತಿ ಹಿಡಿಯಲಾರದು. ಮಳೆಗಾಲದಲ್ಲಿ ಕರೆಂಟ್ ಹೋದಾಗಲೆಲ್ಲ ಪಂಪಿಗೆ ನೀರು ನುಗ್ಗುತ್ತೆ. ಏನು ಮಾಡೋದು?

ಸೋಲ್ಡರ್_ಕಡ್ಡಿ: ಸ್ವಿಚ್ ಕೆಟ್ಟಿಲ್ಲ, ಅದರ ಜಾತಿಯೇ ಹಾಗೆ. ಸ್ವಿಚ್‌ಗೂ ಟ್ಯೂಬಿಗೂ ನಡುವೆ 3.5 ಎಂಎಂ ಮೋನೋ ಜ್ಯಾಕಿನ (ಸ್ವಿಚ್ ತಂತಿ ಸಿಕ್ಕಿಸುವ ಜಾಗ) ಲ್ಯಾಚ್-ಟೈಮರ್ ಡಬ್ಬಿ ಹಾಕಿ, ಒಮ್ಮೆ ಒತ್ತಿದರೆ ಗೊತ್ತುಮಾಡಿದಷ್ಟು ಹೊತ್ತು ಓಡುತ್ತೆ; ಟೈಮರ್ 10 ಸೆಕೆಂಡಿಗಿಡಿ. ಅದರಲ್ಲಿರುವ ಲ್ಯಾಚ್ ಮೋಡ್ (ಒಮ್ಮೆ ಒತ್ತಿದರೆ ಆನ್, ಮತ್ತೆ ಒತ್ತಿದರೆ ಆಫ್) ಬೇಡ. ಒಮ್ಮೆ ಒತ್ತಿದ ಮೇಲೆ ಓಡುತ್ತಲೇ ಇದ್ದರೆ ‘ನಾನು ಒತ್ತಿದ್ದಕ್ಕೇ ಬಂತು’ ಅನ್ನೋದು ಮಗುವಿಗೆ ತಿಳಿಯೋದು ಕಷ್ಟ. ನಿಂತರೆ ತಾನೇ ಮತ್ತೆ ಕೈ ಚಾಚೋದು! 230 ವೋಲ್ಟ್ ತಂತಿಯನ್ನಂತೂ ಸ್ವಿಚ್‌ಗೆ ಎಳೆಯಲೇಬೇಡಿ.

ನೀರು_ಗಾಳಿ: ಪಂಪ್ ನೀರಿನ ಮಟ್ಟಕ್ಕಿಂತ ಕೆಳಗಿದೆ. ಗಾಳಿ ನಿಂತ ಕ್ಷಣ ನೀರು ಪೈಪಲ್ಲಿ ಹಿಂದಕ್ಕಿಳಿಯುತ್ತೆ. ಅಕ್ವೇರಿಯಂ ಅಂಗಡಿಯ ನಾನ್-ರಿಟರ್ನ್ ವಾಲ್ವ್ (ಒಂದೇ ದಿಕ್ಕಿಗೆ ಬಿಡುವ ಕವಾಟ) ಗಾಳಿ ಪೈಪಿಗೆ ಹಾಕಿದರೆ ಸಾಕು, ಬಾಣದ ಗುರುತು ಟ್ಯೂಬಿನ ಕಡೆಗಿರಲಿ. ತಿರುಗಾಮುರುಗಾ ಆದರೆ ಗುಳ್ಳೆಯೇ ಬರಲ್ಲ. ಡಿಸ್ಟಿಲ್ಡ್ ನೀರೇ ತುಂಬಿಸಿ. ಬೋರ್‌ವೆಲ್ ನೀರಿನ ಸುಣ್ಣ ಗಾಳಿ ತೂತಿಗೆ ಕಟ್ಟಿಕೊಳ್ಳುತ್ತೆ.

ಹೊಂಗೆಮರ: ಫಿಟ್ಸ್ ಬರುವ ಮಕ್ಕಳಿದ್ದರೆ ಮಿನುಗುವ ಮೋಡ್ ಆಫ್ ಮಾಡಿ, ಬಣ್ಣ ನಿಧಾನವಾಗಿ ಬದಲಾಗಲಿ. ಸ್ವಿಚ್ ಕೈಯಲ್ಲೇ ಒತ್ತಬೇಕಂತಿಲ್ಲ. ಮೊಣಕೈಯೋ ತಲೆಯೋ, ಯಾವುದು ಹಿಡಿತದಲ್ಲಿದೆಯೋ ಅಲ್ಲಿ ವೆಲ್ಕ್ರೋದಿಂದ ಗಟ್ಟಿಯಾಗಿ ಕೂರಿಸಿ.