ವಾಸ್ಪ್-12ಬಿ ಒಂಬತ್ತು ನಿಮಿಷ ಬೇಗ ಬಂತು, ಅಡಗಿದ ಗ್ರಹ ಇರಬಹುದಾ?

ನಾಪೋಕ್ಲು ತೋಟದವ:
ಜನವರಿ ಮೊದಲ ವಾರ, ಕಾಫಿ ಕೊಯ್ಲಿನ ಗಡಿಬಿಡಿ. ಮೂಟೆ ತೂಗಿಸಿ ಕೆಲಸದವರು ಹೋದ ಮೇಲೆ ಕಣದಲ್ಲೇ ಎಂಟಿಂಚಿನ ಟೆಲಿಸ್ಕೋಪ್ ಇಟ್ಟು ವಿಜಯಸಾರಥಿ ಪುಂಜದ ವಾಸ್ಪ್-12 ನಕ್ಷತ್ರ ಹಿಡಿದೆ; ವಾಸ್ಪ್-12ಬಿ ಅದನ್ನು ಸುತ್ತುವ ಗ್ರಹ. ಒಂದು ಕಡೆ ಪಕ್ಕದ ತೋಟದ ಪಲ್ಪರ್ ದೀಪ, ಇನ್ನೊಂದು ಕಡೆ ಗಾಜಿನ ಮೇಲೆ ಇಬ್ಬನಿ. ಹೇರ್ ಡ್ರೈಯರ್ ಕೈಯಲ್ಲೇ ಹಿಡಿದು ಕೂತಿದ್ದೆ. ಆದರೂ ಮೂರು ಗಂಟೆಯ ಟ್ರಾನ್ಸಿಟ್, ಅಂದರೆ ಗ್ರಹ ನಕ್ಷತ್ರದ ಮುಂದೆ ಹಾದುಹೋಗುವುದು, ಪೂರ್ತಿ ಸಿಕ್ಕಿತು. ಬೆಳಕು ಶೇ. 1.4ರಷ್ಟು ಇಳಿದದ್ದು ಗ್ರಾಫಿನಲ್ಲಿ ನಿಚ್ಚಳವಾಗಿದೆ. ನಟ್ಟನಡುವಿನ ಹೊತ್ತು ಮಾತ್ರ ಮೊದಲೇ ಲೆಕ್ಕ ಹಾಕಿಟ್ಟ ಟ್ರಾನ್ಸಿಟ್ ಪಟ್ಟಿಯಲ್ಲಿದ್ದದ್ದಕ್ಕಿಂತ ಒಂಬತ್ತು ನಿಮಿಷ ಮೊದಲೇ ಬಂತು. ಸಮಯ ಜಿಪಿಎಸ್‌ನದು, ಅದರ ಮೇಲೆ ಸಂಶಯ ಬೇಡ. ಕಾಣದ ಗ್ರಹ ಯಾವುದಾದರೂ ಎಳೆಯುತ್ತಿದೆಯಾ?

ವಿರಾಜಪೇಟೆ ಮೇಷ್ಟ್ರು:
ಪಟ್ಟಿ ಬಿಜೆಡಿಯಲ್ಲಿದೆಯಾ ನೋಡಿ. ಬಿಜೆಡಿ ಅಂದರೆ ಸೌರವ್ಯೂಹದ ತೂಕಕೇಂದ್ರಕ್ಕೆ ಬೆಳಕು ಮುಟ್ಟುವ ಹೊತ್ತು. ಜನವರಿ ಮೊದಲಿಗೆ ಈ ನಕ್ಷತ್ರ ಸೂರ್ಯನಿಗೆ ನೇರ ಎದುರು ಇರ್ತದೆ, ಭೂಮಿ ಅದರ ಕಡೆಗೆ ಸರಿದಿರ್ತದೆ. ಹಾಗಾಗಿ ಬೆಳಕು ನಿಮ್ಮ ಕಣಕ್ಕೆ ಎಂಟು ನಿಮಿಷ ಮುಂಚೆಯೇ ಬರ್ತದೆ. ಮೇಲಿಂದ ಇಂಥ ಪಟ್ಟಿಯ ಟಿಡಿಬಿ ಎಂಬ ಖಗೋಳ ಕಾಲಮಾನ, ನಮ್ಮ ಗಡಿಯಾರಗಳಿಗೆ ಆಧಾರವಾದ ಯುಟಿಸಿಗಿಂತ 69 ಸೆಕೆಂಡು ಮುಂದೆ. ನಿಮ್ಮ ಒಂಬತ್ತು ನಿಮಿಷ ಅಲ್ಲಿಗೆ ಚುಕ್ತಾ!

ವಾಸ್ಪ್-12ಬಿ ಥರ ನಕ್ಷತ್ರಕ್ಕೆ ತೀರಾ ಹತ್ತಿರ ಸುತ್ತುವ ದೈತ್ಯ ಗ್ರಹಗಳು, ಅಂದರೆ ಹಾಟ್ ಜುಪಿಟರ್‌ಗಳು, ಬಹುತೇಕ ಒಂಟಿಪಿಶಾಚಿಗಳು ಮಾರಾಯ್ರೇ. 2012ರಲ್ಲಿ ಕೆಪ್ಲರ್ ಬಾಹ್ಯಾಕಾಶ ಟೆಲಿಸ್ಕೋಪಿನ ದತ್ತಾಂಶದಲ್ಲಿ ಇಂಥ ಗ್ರಹ ಇರಬಹುದಾದ 63 ಅಭ್ಯರ್ಥಿಗಳನ್ನು ಜಾಲಾಡಿದಾಗ ಒಂದಕ್ಕೂ ಹತ್ತಿರದ ಜೊತೆಗಾರ ಸಿಗಲಿಲ್ಲ. 2015ರಲ್ಲಿ ವಾಸ್ಪ್-47 ಆ ನಂಬಿಕೆ ಮುರಿಯಿತು: 4.16 ದಿನದ ದೈತ್ಯನ ಒಳಗೆ 0.79 ದಿನದ್ದೊಂದು, ಹೊರಗೆ 9.03 ದಿನದ್ದೊಂದು. ಅಲ್ಲೂ ದೈತ್ಯನ ಹೊತ್ತಿನ ಏರುಪೇರು ಒಂದು ನಿಮಿಷಕ್ಕೂ ಕಡಿಮೆ; ಎಂಟಿಂಚಿಗೆ ನಿಲುಕುವುದು ಕಷ್ಟ.

ಕುಶಾಲನಗರದಿಂದ:
ಮೇಷ್ಟ್ರೇ, ವಾಸ್ಪ್-148 ಬಿಟ್ಟಿರಲ್ಲ! ಶನಿಯಷ್ಟು ತೂಕದ ಗ್ರಹ, 8.8 ದಿನಕ್ಕೊಂದು ಸುತ್ತು. 34.5 ದಿನದ ಇನ್ನೊಂದು ಗ್ರಹ ಅದನ್ನು ಎಳೆದಾಡಿ ಟ್ರಾನ್ಸಿಟ್ ಹೊತ್ತನ್ನು ಸುಮಾರು 15 ನಿಮಿಷ ಹಿಂದೆಮುಂದೆ ಮಾಡ್ತದೆ. 2020ರಲ್ಲಿ ಪ್ರಕಟವಾದದ್ದು, ಅದೂ ನೆಲದ ಟೆಲಿಸ್ಕೋಪುಗಳಿಂದಲೇ ಕಂಡದ್ದು.

ನಾಪೋಕ್ಲು ತೋಟದವ:
ತಿದ್ದಿ ನೋಡಿದೆ, ಮೇಷ್ಟ್ರು ಹೇಳಿದ ಹಾಗೇ ಕೂತಿತು. ಈಗ ಉಳಿದ ವ್ಯತ್ಯಾಸ ನನ್ನ ಅಳತೆಯ ದೋಷದೊಳಗೇ ಇದೆ. ಹಾಗಾದರೆ ವಾಸ್ಪ್-12ಕ್ಕೆ ನಿದ್ದೆ ಕೆಡುವುದು ದಂಡವಾ?

ವಿರಾಜಪೇಟೆ ಮೇಷ್ಟ್ರು:
ದಂಡ ಯಾಕೆ? ಅದರ ಸುತ್ತಿನ ಅವಧಿ ವರ್ಷಕ್ಕೆ ಸುಮಾರು 29 ಮಿಲಿಸೆಕೆಂಡು ಕುಗ್ಗುತ್ತಿದೆ, ಗ್ರಹ ನಕ್ಷತ್ರದ ಕಡೆಗೆ ಸುರುಳಿ ಸುತ್ತಿ ಇಳೀತಾ ಇದೆ. ಜೊತೆಗಾರ ಎಳೆದರೆ ಹೊತ್ತು ಹಿಂದೆಮುಂದೆ ತೂಗಾಡ್ತದೆ; ಇದು ಒಂದೇ ದಿಕ್ಕು. ಸುತ್ತು ಸುತ್ತಿಗೂ ಕೂಡುತ್ತಾ ಹೋಗಿ ಹತ್ತು ವರ್ಷಕ್ಕೆ ಎಂಟು ನಿಮಿಷ ಆಗ್ತದೆ, ಅದು ನಿಮ್ಮ ಎಂಟಿಂಚಿಗೂ ಸಿಗ್ತದೆ. ಮುಂದಿನ ಕೊಯ್ಲಿಗೂ ಹಿಡಿಯಿರಿ. ಪಲ್ಪರ್ ದೀಪಕ್ಕೊಂದು ತಗಡಿನ ಮರೆ ಕೇಳಿ ನೋಡಿ.