ಪದಚರ್ಚೆ: ಔಟ್‌ಪುಟ್ ಫೈಲಿಗೆ ಬೀಳುತ್ತದೋ, ಕಮ್ಯಾಂಡ್ ಬರೆಯುತ್ತದೋ?

ನಮಸ್ಕಾರ. ಮೇನ್‌ಫ್ರೇಮ್ (ದೊಡ್ಡ ಸಂಸ್ಥೆಗಳ ಭಾರಿ ಕಂಪ್ಯೂಟರ್) ಸೆಕ್ಯುರಿಟಿ ಕಲಿಸುವ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ, ನಾಳೆ ಸಂಜೆಯೊಳಗೆ ಕೊಡಬೇಕು. ಅದರಲ್ಲಿ ಯಾರಿಗೆ ಏನು ಅನುಮತಿ ಅಂತ ನೋಡಿಕೊಳ್ಳುವ ರ್ಯಾಕ್‌ಎಫ್ ತಂತ್ರಾಂಶದ ಕಮ್ಯಾಂಡ್‌ಗಳ ಔಟ್‌ಪುಟ್ ಎಲ್ಲಿಗೆ ಹೋಗಬೇಕು ಅಂತ ನಾವೇ ಗೊತ್ತು ಮಾಡುವ ಅಧ್ಯಾಯದಲ್ಲಿ ಸಿಕ್ಕಿಕೊಂಡಿದ್ದೇನೆ. ಟರ್ಮಿನಲ್ ಬಿಟ್ಟು ಡೇಟಾಸೆಟ್‌ಗೆ (ಮೇನ್‌ಫ್ರೇಮ್‌ನ ಫೈಲಿಗೆ) ಕಳಿಸುವ ಕ್ರಿಯೆಗೆ 'ನಿರ್ದೇಶಿಸು' ಅಂತ ಹಾಕಿದ್ದೆ. ಡೇಟಾಸೆಟ್ ಹೆಸರಿನ ಮುಂದೆ ತಾನಾಗಿ ಸೇರುವ ಪ್ರಿಫಿಕ್ಸ್‌ಗೆ 'ಪೂರ್ವಪ್ರತ್ಯಯ'. ಓದಿದ ಗೆಳತಿಗೆ ಎರಡೂ ಅರ್ಥ ಆಗಲಿಲ್ಲ. ಬೇರೆ ಏನಿದೆ?

ಮರು:
ಎರಡೂ ಬೇಡ. ಪ್ರತ್ಯಯ ಒಂಟಿಯಾಗಿ ನಿಲ್ಲುವುದಿಲ್ಲ, ಪದಕ್ಕೆ ಅಂಟಿಕೊಂಡೇ ಇರಬೇಕು. ಡೇಟಾಸೆಟ್ ಹೆಸರು ಹಾಗಲ್ಲ. ಚುಕ್ಕೆ ಹಾಕಿ ಬಿಡಿಸಿದ ತುಂಡುಗಳು, ಒಂದೊಂದೂ 8 ಅಕ್ಷರದೊಳಗೆ, ಚುಕ್ಕೆ ಸೇರಿ ಒಟ್ಟು 44. ಮೊದಲ ತುಂಡೂ ಪೂರ್ತಿ ಹೆಸರೇ. 'ಮುಂದಿನ ಹೆಸರು' ಅಂದರೆ ನೆಕ್ಸ್ಟ್ ಅನ್ನೋ ಅರ್ಥ ಬರುತ್ತದೆ, ಹುಷಾರು. 'ಮೊದಲ ತುಂಡು' ಸಾಕು.

ಮರು:
ಅದಿರಲಿ, ಡೇಟಾಸೆಟ್ ಯಾಕೆ ಹಾಗೇ ಉಳಿಯಿತು? ಕಡತ ಇದೆಯಲ್ಲ. ಕಡತ ಅಂದರೆ ಆಫೀಸಿನ ಕಾಗದದ ಕಟ್ಟು ಅಂತ ಎಲ್ಲರೂ ತಿಳಿದಿದ್ದಾರೆ, ಮೊದಲು ಅದು ಬಟ್ಟೆ. ಹುಣಸೆಬೀಜದ ಅಂಟಿಗೆ ಇದ್ದಿಲು ಸೇರಿಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಅದರ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು. ಬೇಡವಾದರೆ ಅಳಿಸಿ ಮತ್ತೆ ಬರೆಯಬಹುದಿತ್ತು. ಕಡಿತ ಅನ್ನುವ ರೂಪವೂ ಇದೆ. ಅಳಿಸಿ ಬರೆಯುವ ಫೈಲಿಗೆ ಇದಕ್ಕಿಂತ ಒಳ್ಳೆಯ ಪದ ತೋರಿಸಿ ನೋಡೋಣ.

ಮರು:
ಸುಮ್ನೆ ಹಟ. ಮೇನ್‌ಫ್ರೇಮಿಗೆ ಕೆಲಸ ಒಪ್ಪಿಸುವ ಭಾಷೆ ಜೆಸಿಎಲ್‌ನಲ್ಲಿ ಡೇಟಾಸೆಟ್ ಹೆಸರು ಕೊಡಲು ಬೆರಳು ಒತ್ತಬೇಕಾದ್ದು ಡಿಎಸ್‌ಎನ್ ಅಂತ, ಡಿಎಸ್ ಅಂದರೆ ಡೇಟಾಸೆಟ್. ಕೈಪಿಡಿಯಲ್ಲಿ ಕಡತ ಅಂತ ಓದಿದವನು ಸ್ಕ್ರೀನ್ ಮುಂದೆ ಕೂತಾಗ ಏನು ಹುಡುಕಬೇಕು?

ಮರು:
ಹಾಗಾದರೆ ಕೈಪಿಡಿಯೂ ಯಾಕೆ, ಮ್ಯಾನುಯಲ್ ಅನ್ನಿ. ಒಂದೊಂದಾಗಿ ಬಿಟ್ಟುಕೊಟ್ಟರೆ ಕೊನೆಗೆ ವಿಭಕ್ತಿ ಮಾತ್ರ ಉಳಿಯುತ್ತದೆ.

ಮರು:
ವಿಭಕ್ತಿ ಉಳಿದರೆ ಕನ್ನಡ ಉಳಿಯಿತು. 'ಡೇಟಾಸೆಟ್‌ಗೆ', 'ಡೇಟಾಸೆಟ್‌ನಿಂದ' ಅಂದಾಗ ಪದ ನಮ್ಮದಾಯಿತು. ಕಾಗದ, ದಾಖಲೆ ಎಲ್ಲಿಂದ ಬಂದವು? ಅವನ್ನೂ ವಾಪಸ್ ಕಳಿಸುತ್ತೀರಾ?

ಮರು:
ನಾನು ಈ ಕೆಲಸದಲ್ಲೇ ಇರುವವನು. ಕಡತದ ಜಗಳ ಆಮೇಲೆ ಆಡಿ, ಕ್ರಿಯಾಪದವೇ ಇಲ್ಲಿ ಜಾಸ್ತಿ ಮುಖ್ಯ. ಇಂಗ್ಲಿಷಿನ ಔಟ್‌ಪುಟ್ ಎರಡು ಬೇರೆ ವಿಷಯಗಳನ್ನು ಮುಚ್ಚಿಡುತ್ತದೆ. ಬಳಕೆದಾರರ ವಿವರ ತೋರಿಸುವ ಲಿಸ್ಟ್‌ಯೂಸರ್ ಕಮ್ಯಾಂಡ್ ಫೈಲ್ ಬರೆಯುವುದೇ ಇಲ್ಲ, ಸಾಲುಗಳನ್ನು ಟರ್ಮಿನಲ್ ಕಡೆ ಬಿಡುತ್ತದೆ ಅಷ್ಟೆ. ಬ್ಯಾಚ್‌ನಲ್ಲಿ, ಅಂದರೆ ಟರ್ಮಿನಲ್ ಬದಲು ಜೆಸಿಎಲ್‌ನಿಂದ ಓಡಿಸಿದಾಗ, ಅವು ಸಿಸ್‌ಟಿಎಸ್‌ಪಿಆರ್‌ಟಿ ಎಂಬ ಡಿಡಿ ಸಾಲು (ಔಟ್‌ಪುಟ್ ಎಲ್ಲಿಗೆ ಅಂತ ಹೇಳುವ ಜೆಸಿಎಲ್ ಸಾಲು) ತೋರಿಸಿದ ಕಡೆ ಬೀಳುತ್ತವೆ. ಅಲ್ಲಿ ಸಿಸ್‌ಔಟ್ ಇದ್ದರೆ ಸ್ಪೂಲ್ (ಪ್ರಿಂಟ್‌ಗೆ ಕಾಯುವ ಸರದಿ), ಡಿಎಸ್‌ಎನ್ ಇದ್ದರೆ ಡೇಟಾಸೆಟ್. ಅದೇ ಸಾಲಲ್ಲಿ ಡಿಸ್ಪ್ ಓಲ್ಡ್ ಅಂತಿದ್ದರೆ ಹಳೆಯದರ ಮೇಲೆ ಮೊದಲಿಂದ ಬರೆದು ಹೋಗುತ್ತದೆ, ಮಾಡ್ ಅಂದರೆ ಕೊನೆಗೆ ಸೇರುತ್ತದೆ. ಆದರೆ ಹುಡುಕಿಕೊಡುವ ಸರ್ಚ್ ಕಮ್ಯಾಂಡ್‌ಗೆ ಕ್ಲಿಸ್ಟ್ (ಕಮ್ಯಾಂಡ್‌ಗಳ ಪಟ್ಟಿ) ಅಂತ ಸೇರಿಸಿದರೆ ಕಮ್ಯಾಂಡ್ ತಾನೇ ಎಕ್ಸೆಕ್.ರ್ಯಾಕ್‌ಎಫ್.ಕ್ಲಿಸ್ಟ್ ಡೇಟಾಸೆಟ್ ಬರೆಯುತ್ತದೆ, ನಿಮ್ಮ ಟಿಎಸ್‌ಒ (ಕಮ್ಯಾಂಡ್ ಕೊಡುವ ಪರಿಸರ) ಪ್ರಿಫಿಕ್ಸ್ ಮುಂದೆ ಇಟ್ಟುಕೊಂಡು. ಡಿಜಿಟಲ್ ಸರ್ಟಿಫಿಕೇಟ್ ಹೊರತೆಗೆಯುವ ರ್ಯಾಕ್‌ಡಿಸರ್ಟ್ ಎಕ್ಸ್‌ಪೋರ್ಟ್ ಕೂಡ ಹಾಗೇ, ಕೊಟ್ಟ ಹೆಸರಿನ ಡೇಟಾಸೆಟ್ ಮೊದಲೇ ಇದ್ದರೆ ಅಳಿಸಿ ಹೊಸದು ಮಾಡುತ್ತದೆ. ಹೆಸರಿಗೆ ಕೋಟ್ (ಉದ್ಧರಣ ಚಿಹ್ನೆ) ಮರೆತರೆ ಪ್ರಿಫಿಕ್ಸ್ ಸೇರಿ ಎಲ್ಲೋ ಹೋಗಿರುತ್ತದೆ, ನಾನು ಒಂದು ಮಧ್ಯಾಹ್ನ ಪೂರ್ತಿ ಹುಡುಕಿದ್ದೇನೆ. ಎರಡಕ್ಕೂ 'ನಿರ್ದೇಶಿಸು' ಅಂತ ಒಂದೇ ಪದ ಬರೆದರೆ ಕಲಿಯುವವರು ಎಕ್ಸ್‌ಪೋರ್ಟ್ ಮಾಡಿದ್ದನ್ನೂ ಡಿಡಿ ಸಾಲಲ್ಲಿ ಹುಡುಕುತ್ತಾರೆ.

ಮರು:
ಬೀಳು ಅಚ್ಚಗನ್ನಡ, ಬರೆಯೂ ಅಚ್ಚಗನ್ನಡ. ಇದಕ್ಕೆ ನನ್ನ ತಕರಾರಿಲ್ಲ. ಕಡತ ಮಾತ್ರ ಬಿಡುವುದಿಲ್ಲ.

ಮರು:
ತುಂಬಾ ಉಪಕಾರವಾಯಿತು. ಹೀಗೆ ತಿದ್ದಿದೆ: 'ಲಿಸ್ಟ್‌ಯೂಸರ್ ಔಟ್‌ಪುಟ್ ಡಿಡಿ ಸಾಲು ತೋರಿಸಿದ ಡೇಟಾಸೆಟ್‌ಗೆ ಬೀಳುತ್ತದೆ. ಸರ್ಚ್ ಕ್ಲಿಸ್ಟ್ ತಾನೇ ಡೇಟಾಸೆಟ್ ಬರೆಯುತ್ತದೆ, ಹೆಸರಿನ ಮೊದಲ ತುಂಡು ನಿಮ್ಮ ಪ್ರಿಫಿಕ್ಸ್.' ಗೆಳತಿಗೆ ಓದಿ ಹೇಳಿದೆ, ಈ ಸಲ ಕೇಳಿದ್ದು ಒಂದೇ: ಕೋಟ್ ಎಲ್ಲಿ ಹಾಕಬೇಕು ಅಂತ. ಆ ಸಾಲನ್ನೂ ಸೇರಿಸುತ್ತಿದ್ದೇನೆ.